ಕಸ್ಟರ್ಡ್ ತಿರುವುವ ಕೈಪಿಡಿ: ಮುಡಬಿ ಆವೃತ್ತಿ

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಹೋಬಳಿಯ ಮನೆಗಳಲ್ಲಿ, ಪದರದ ಪೇಸ್ಟ್ರಿ ಕೇಕಿನ ನಡುವೆ ಹಚ್ಚುವ ಕಸ್ಟರ್ಡ್ ಕ್ರೀಮ್ ಮಾಡಲು ಹೊರಟವರ ಉಪಯೋಗಕ್ಕಾಗಿ ಈ ಕೈಪಿಡಿಯನ್ನು ಸಿದ್ಧಪಡಿಸಲಾಗಿದೆ. ಬೆಂಗಳೂರಿನವರು ಓದಿದರೆ ಅಡ್ಡಿಯಿಲ್ಲ. ಅಲ್ಲಿ ಫೋನು ಮಾಡದೆ ಯಾರೂ ಯಾರ ಮನೆಗೂ ಬರುವುದಿಲ್ಲವಾದ್ದರಿಂದ ಅರ್ಧದಷ್ಟು ಸೂಚನೆಗಳನ್ನು ಅವರು ಹಾರಿಸಿ ಓದಬಹುದು.

ತಯಾರಿಕೆಗೆ ಬೇಕಾಗುವ ಸಮಯ: ಹತ್ತು ನಿಮಿಷ.

ಆ ಹತ್ತು ನಿಮಿಷ ಒಟ್ಟಿಗೆ ಸಿಗಲು ಬೇಕಾಗುವ ಸಮಯ: ಮುಂದೆ ವಿವರಿಸಲಾಗಿದೆ.

ಪೂರ್ವೇತಿಹಾಸ

ಕೈಪಿಡಿ ಬರೆಯುವ ಚಾಳಿ ಈ ಸೀಮೆಗೆ ಹೊಸದಲ್ಲ. ಇದೇ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಆಳಿದ್ದು 1127ರಿಂದ 1138ರವರೆಗೆ. ಅಷ್ಟರಲ್ಲೇ ಬಿಡುವು ಮಾಡಿಕೊಂಡು 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಕಟ್ಟಿದ: ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಗಳಿಸುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದರಿಂದ ಹಿಡಿದು ಆನೆ, ಕುದುರೆ, ಸಂಗೀತದವರೆಗೆ ಎಲ್ಲ ಹೇಳಿ, ಊಟಕ್ಕೂ ಜಾಗ ಕೊಟ್ಟ. ಉದ್ದಿನ ಇಡ್ಡರಿಕಾ, ದೋಸಕ, ಗೋಧಿಯ ಮಂಡಕ ಎಲ್ಲ ಅಲ್ಲಿವೆ. ಅದಕ್ಕೂ ನೂರು ವರ್ಷ ಹಿಂದೆ, 1025ರ ಸುಮಾರಿಗೆ, ಚಾವುಂಡರಾಯ ಕನ್ನಡದಲ್ಲೇ ಬರೆದ 'ಲೋಕೋಪಕಾರ'ದಲ್ಲಿ ಅಂತರ್ಜಲ ಹುಡುಕುವುದು, ಗಿಡ ಬೆಳೆಸುವುದು, ವಿಷಕ್ಕೆ ಮದ್ದು ಇವುಗಳ ನಡುವೆ ಅಡುಗೆಯೂ ಬರುತ್ತದೆ.

ಸೋಮೇಶ್ವರನಿಗೆ ಒಂದು ಅನುಕೂಲವಿತ್ತು. ಅರಮನೆಯಲ್ಲಿ ಬರೆಯುವವನು ಒಬ್ಬ, ತಿರುವುವವನು ಇನ್ನೊಬ್ಬ, ಬಾಗಿಲು ಕಾಯುವವನು ಮತ್ತೊಬ್ಬ. ಈ ಮೂರೂ ಹುದ್ದೆ ಒಬ್ಬಳ ಮೇಲೆಯೇ ಬಿದ್ದಿರುವ ಮನೆಗಳಿಗೆ ಬೇರೆ ಕೈಪಿಡಿ ಬೇಕಾಗುತ್ತದೆ.

ನೀವು ಮಾಡಲಿರುವುದು ಏನು

ಹಾಲನ್ನು ಪಿಷ್ಟದಿಂದ ಗಟ್ಟಿ ಮಾಡಲಿದ್ದೀರಿ. ಅದಕ್ಕಿಂತ ಹೆಚ್ಚಿನ ಗುಟ್ಟು ಇದರಲ್ಲಿಲ್ಲ. ಫ್ರಾನ್ಸಿನವರು ಇದಕ್ಕೆ ಮೊಟ್ಟೆಯ ಹಳದಿ ಬೆರೆಸಿ, ಗರಿಗರಿ ಪದರಗಳ ನಡುವೆ ಹಚ್ಚಿ, ಆ ತಿನಿಸಿಗೆ ಸಾವಿರ ಎಲೆ ಎಂದು ಹೆಸರಿಟ್ಟರು. ರಷ್ಯಾದವರು ಅದೇ ಜಾತಿಯ ಕೇಕಿಗೆ ತಾವು ಓಡಿಸಿದ ನೆಪೋಲಿಯನ್ನನ ಹೆಸರಿಟ್ಟು ಇವತ್ತಿಗೂ ಚಾಕು ಹಾಕುತ್ತಿದ್ದಾರೆ.

ಮೊಟ್ಟೆ ಇಲ್ಲದ ದಾರಿಯನ್ನು ತೋರಿಸಿದವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್. ಅವನ ಹೆಂಡತಿಗೆ ಮೊಟ್ಟೆ ಆಗಿಬರುತ್ತಿರಲಿಲ್ಲ; ಕಸ್ಟರ್ಡ್ ಮಾತ್ರ ಇಷ್ಟ. 1837ರಲ್ಲಿ ಅವನು ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿ ಮಾಡಿದ. ಆಕೆಗೆ ಯೀಸ್ಟೂ ಒಗ್ಗುತ್ತಿರಲಿಲ್ಲ, ಅದಕ್ಕಾಗಿ ಆರು ವರ್ಷದ ಮೇಲೆ ಬೇಕಿಂಗ್ ಪುಡಿಯನ್ನೂ ಮಾಡಿದ. ಈ ಪ್ಯಾರಾವನ್ನು ಮನೆಯಲ್ಲಿ ಗಟ್ಟಿಯಾಗಿ ಓದುವುದು. ಓದುವಾಗ ಗಂಡಸರು ಹಾಜರಿರುವಂತೆ ನೋಡಿಕೊಳ್ಳುವುದು.

1948ರ ಸೆಪ್ಟೆಂಬರ್ 17ರವರೆಗೆ ನಮ್ಮ ಈ ಭಾಗ ನಿಜಾಮರ ಸೀಮೆ. ಹೈದರಾಬಾದಿ ಮದುವೆಯೂಟದ ಖುಬಾನಿ ಕಾ ಮೀಠಾದ ಮೇಲೆ ಕಸ್ಟರ್ಡ್ ಸುರಿದುಕೊಂಡು ತಿಂದವರಿಗೆ ಬೀದರ ಜಿಲ್ಲೆಯಲ್ಲಿ ಕೊರತೆಯಿಲ್ಲ. ಆದ್ದರಿಂದ ಕಸ್ಟರ್ಡ್ ಅಂದರೆ ಏನು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹೇಳಬೇಕಾದ್ದು ಇಷ್ಟೇ: ಸುರಿಯುವ ಕಸ್ಟರ್ಡ್ ಬೇರೆ, ನಡುವೆ ಹಚ್ಚುವ ಕಸ್ಟರ್ಡ್ ಬೇರೆ. ಪುಡಿಯ ಡಬ್ಬಿಯ ಮೇಲೆ ಅಚ್ಚಾಗಿರುವ ಅಳತೆ ಸುರಿಯುವುದಕ್ಕೆ. ಹಚ್ಚಬೇಕಾದರೆ ಪುಡಿ ಅದರ ದುಪ್ಪಟ್ಟು, ಮೇಲೊಂದು ಚಿಟಿಕೆ ಧೈರ್ಯ. ಡಬ್ಬಿಯನ್ನು ನಂಬಿ ಕೇಕಿಗೆ ಹಚ್ಚಿದವರು ಆಮೇಲೆ ಕೇಕನ್ನು ಬಟ್ಟಲಲ್ಲಿ ಹಾಕಿ ಚಮಚ ಕೊಟ್ಟಿರುವುದನ್ನು ಕಂಡಿದ್ದೇನೆ. ಅತಿಥಿಗಳು ಅದನ್ನೂ ಹೊಗಳಿದರು, ಅದು ಬೇರೆ ಮಾತು.

ಸಾಮಗ್ರಿ

ಹಾಲು, ಅರ್ಧ ಲೀಟರ್. ಎಮ್ಮೆಯದಾದರೆ ಉತ್ತಮ, ಜಿಡ್ಡು ಶೇಕಡ 6ರಿಂದ 7 ಇರುವುದರಿಂದ ಬಾಯಲ್ಲಿ ತುಂಬಿಕೊಳ್ಳುತ್ತದೆ. ದೇವಣಿ ಆಕಳು ಕಟ್ಟಿದ ಮನೆಯಾದರೆ ಅದೂ ಆಯಿತು. ಆ ತಳಿ ಈ ಬೀದರ–ಲಾತೂರ ಸೀಮೆಯದೇ, ಅದರ ಹಾಲಿನಿಂದ ನೆಪೋಲಿಯನ್ ಮಾಡುವುದರಲ್ಲಿ ಒಂದು ಹೆಮ್ಮೆಯಿದೆ. ನಂದಿನಿಯ ಟೋನ್ಡ್ ಹಾಲಿನ ಪಾಕೀಟಿನಲ್ಲಿ ಜಿಡ್ಡು ಶೇಕಡ 3. ಅದನ್ನು ಬಳಸುವವರು ಕೊನೆಯಲ್ಲಿ ಬೆಣ್ಣೆಯ ಕೈ ಬಿಗಿ ಹಿಡಿಯಬಾರದು. ಮನೆಗೆ ತಂದು ಅಳೆಯುವ ಹಾಲಿನವನದಾದರೆ ಅವನು ಮೊದಲೇ ಹಾಕಿರುವ ನೀರನ್ನು ಲೆಕ್ಕಕ್ಕೆ ಹಿಡಿಯಿರಿ. ಅವನನ್ನು ಕೇಳಬೇಡಿ. ಕೇಳಿದರೆ ಹತ್ತು ನಿಮಿಷ ಅಲ್ಲೇ ಹೋಗುತ್ತದೆ.

ಸಕ್ಕರೆ, 100 ಗ್ರಾಂ. ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಜಿಲ್ಲೆಯಿದು, ಕಬ್ಬಿನ ಸುದ್ದಿ ಬಂದ ಕೂಡಲೇ ಮನೆಯ ಹಿರಿಯರೊಬ್ಬರು ಬೆಲ್ಲ ಹಾಕು ಅನ್ನುತ್ತಾರೆ. ಬೆಲ್ಲದಲ್ಲಿ ಹುಳಿಯ ಅಂಶವಿರುತ್ತದೆ. ಕುದಿಯುವ ಹಾಲಿಗೆ ಬಿದ್ದರೆ ಒಡೆಯುವ ಸಂಭವ. ಪಾಯಸ ಮಾಡುವವರಿಗೆ ಈ ವಿಷಯ ಗೊತ್ತೇ ಇದೆ. ಹಿರಿಯರಿಗೂ ಗೊತ್ತಿದೆ; ಆದರೂ ಹೇಳುತ್ತಾರೆ.

ಕಾರ್ನ್‌ಫ್ಲೋರ್, 40 ಗ್ರಾಂ. ಅಂಗಡಿಯಲ್ಲಿ ಈ ಹೆಸರಲ್ಲಿ ಸಿಗುವ ಬಿಳಿ, ನುಣುಪು ಪಿಷ್ಟವೇ ಬೇಕು. ಮನೆಯಲ್ಲಿ ಒಂದು ಚೀಲ ಮೆಕ್ಕೆಜೋಳ ಬಿದ್ದಿದೆ, ಗಿರಣಿಗೆ ಹಾಕಿಸಿಕೊಂಡು ಬರ್ತೀನಿ ಎಂದು ಮಾವನವರು ಹೊರಟರೆ ಚಪ್ಪಲಿ ಅಡಗಿಸಿಡಿ.

ವೆನಿಲಾ, ಅರ್ಧ ಚಮಚ. ಸಿಗದಿದ್ದರೆ ಏಲಕ್ಕಿ. ಏಲಕ್ಕಿ ಹಾಕಿದರೆ ಕಸ್ಟರ್ಡಿನ ಜಾತಿ ಕೆಡುತ್ತದೆ ಎಂದು ಪೇಟೆಯವರು ಮೂಗು ಮುರಿಯುತ್ತಾರೆ. ನನ್ನ ಮಟ್ಟಿಗೆ ಎಮ್ಮೆ ಹಾಲಿಗೆ ಏಲಕ್ಕಿಯೇ ಸರಿ.

ಮೊಟ್ಟೆ. ಇಲ್ಲಿಗೆ ಬಂದಾಗ ಕೈಪಿಡಿ ದನಿ ತಗ್ಗಿಸುತ್ತದೆ. ನಾಲ್ಕು ಹಳದಿ ಹಾಕಿದರೆ ಕಸ್ಟರ್ಡಿಗೆ ಬಣ್ಣ, ಮೈ, ರುಚಿ ಮೂರೂ ಬರುತ್ತವೆ ಎಂಬುದು ನಿಜ. ಶರಣರ ಕಲ್ಯಾಣ ಇಲ್ಲೇ ಪಕ್ಕದಲ್ಲಿದೆ ಎಂಬುದೂ ನಿಜ. 2021ರ ಡಿಸೆಂಬರಿನಲ್ಲಿ ಸರಕಾರ ಬೀದರ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಮಠಗಳಿಂದ ಎಷ್ಟು ವಿರೋಧ ಬಂತು ಎಂಬುದು ಎಲ್ಲರಿಗೂ ನೆನಪಿದೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಎಂದು ಸರಕಾರ ಸೂತ್ರ ಕಟ್ಟಿತು. ಕಸ್ಟರ್ಡಿಗೆ ಆ ಸೂತ್ರ ಹೊಂದುವುದಿಲ್ಲ. ಹಳದಿಯ ಬದಲು ಬಾಳೆಹಣ್ಣು ಕಿವುಚಿ ಹಾಕಿದರೆ ನೀವು ಮಾಡಿದ್ದು ಶೀಕರಣಿ, ಅದಕ್ಕೆ ಒಲೆಯೇ ಬೇಕಾಗಿರಲಿಲ್ಲ. ಮೊಟ್ಟೆ ಬಳಸದ ಮನೆಯವರು ಪಿಷ್ಟವನ್ನು 40ರಿಂದ 50 ಗ್ರಾಮಿಗೆ ಏರಿಸಿ, ಬೆಣ್ಣೆ 50 ಗ್ರಾಂ ಹಾಕಿ, ಬಣ್ಣಕ್ಕೆ ಬೇಕಾದರೆ ಕಸ್ಟರ್ಡ್ ಪುಡಿಯನ್ನೇ ಅರ್ಧ ಬೆರೆಸಿಕೊಂಡರೆ ಸಾಕು. ಬಳಸುವ ಮನೆಯವರು ಬಳಸಲಿ. ಬಳಸದ ಮನೆಯಲ್ಲಿ ಕಪ್ಪು ಕ್ಯಾರಿಬ್ಯಾಗಿನಲ್ಲಿ ಮುಚ್ಚಿ ತಂದು ಹಿತ್ತಲಲ್ಲಿ ಒಡೆಯುವ ಮೂರನೆಯ ಪದ್ಧತಿಯನ್ನು ಈ ಕೈಪಿಡಿ ಒಪ್ಪುವುದಿಲ್ಲ. ತಿನ್ನುವವರಿಗೆ ಗೊತ್ತಿಲ್ಲದೆ ತಿನ್ನಿಸುವುದು ಅಡುಗೆಯ ಲೆಕ್ಕಕ್ಕೆ ಬರುವುದಿಲ್ಲ.

ಪದರಗಳು

ಗ್ರಂಥಗಳ ಪ್ರಕಾರ ಪದರದ ಹಿಟ್ಟನ್ನು ನೀವೇ ಮಾಡಬೇಕು. ಮೈದಾ ಕಣಕದೊಳಗೆ ಬೆಣ್ಣೆಯ ಹಲಗೆ ಇಟ್ಟು, ಲಟ್ಟಿಸಿ, ಮೂರು ಮಡಿಕೆ ಮಡಚಿ, ತಣ್ಣಗಾಗಿಸಿ, ಮತ್ತೆ ಲಟ್ಟಿಸಿ, ಹೀಗೆ ಆರು ಸಲ. ಮೂರರ ಆರು ಮಡಿ 729. ಅಷ್ಟು ಬೆಣ್ಣೆ ಪದರ. ಒಲೆಯೊಳಗೆ ಪದರಗಳ ನಡುವಿನ ನೀರು ಆವಿಯಾಗಿ ಹಿಟ್ಟನ್ನು ಎತ್ತಿ ಎತ್ತಿ ಬಿಡಿಸುತ್ತದೆ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯೊಳಗೆ. ಮೇ ತಿಂಗಳಲ್ಲಿ ಮುಡಬಿಯ ಬಿಸಿಲು 40 ದಾಟುತ್ತದೆ. ಎರಡನೆಯ ಮಡಿಕೆಗೆ ಬರುವಷ್ಟರಲ್ಲಿ ಬೆಣ್ಣೆ ಹಿಟ್ಟಿನಿಂದ ಹೊರಟು ಲಟ್ಟಣಿಗೆ ಹಿಡಿದ ಮೊಣಕೈವರೆಗೆ ಬಂದಿರುತ್ತದೆ.

ಆದ್ದರಿಂದ ಈ ಆವೃತ್ತಿಯಲ್ಲಿ ಖಾರಿ ಬಳಸಲಾಗಿದೆ. ಇದನ್ನು ಅಡ್ಡದಾರಿ ಎಂದು ಯಾರಾದರೂ ಅಂದರೆ ನಕ್ಕುಬಿಡಿ. ಖಾರಿಯೂ ಅದೇ ಮಡಿಕೆಯ ಹಿಟ್ಟು, ಬೇಕರಿಯವರು ಬೆಣ್ಣೆಯಷ್ಟು ಬೇಗ ಕರಗದ ಜಿಡ್ಡು ಹಾಕಿ ಬಿಸಿಲನ್ನು ಗೆದ್ದಿದ್ದಾರೆ, ಅಷ್ಟೇ. ನಮಗೆ ಖಾರಿ ಸಿಗುವ ಹುಮನಾಬಾದ್ ಇರುವುದು ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲೆ. ಮೊದಲು ಅದಕ್ಕೆ 9 ಅನ್ನುತ್ತಿದ್ದರು, ಈಗ 65. ಆ ದಾರಿಯ ಒಂದು ತುದಿಯವರು ಚಹಾದಲ್ಲಿ ಖಾರಿ ಅದ್ದುತ್ತಾರೆ, ಇನ್ನೊಂದು ತುದಿಯವರು ಉಸ್ಮಾನಿಯಾ ಬಿಸ್ಕೀಟು. ನಡುವಿನ ನಾವು ಎರಡನ್ನೂ ಅದ್ದುತ್ತೇವೆ. 1898ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಯ್ಯಂಗಾರ್ ಬೇಕರಿಯ ಪರಂಪರೆ ದಕ್ಷಿಣದಿಂದ ಬಂದು ಸೇರಿಕೊಂಡಿತು. ಖಾರಿ ಕೊಳ್ಳುವಾಗ ಜೀರಿಗೆ ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ಉಪ್ಪು ಇರುತ್ತದೆ, ಇರಲಿ; ಸಿಹಿ ಕಸ್ಟರ್ಡಿನ ಪಕ್ಕದಲ್ಲಿ ಆ ಉಪ್ಪು ಒಳ್ಳೆಯ ಕೆಲಸ ಮಾಡುತ್ತದೆ. ಅಂಗೈಯಗಲದ ಚೌಕ ಖಾರಿ ಸಿಕ್ಕರೆ ಚಾಕುವಿನ ತುದಿಯಿಂದ ಅಡ್ಡ ಬಿಡಿಸಿ ಎರಡು ಮಾಡಿ. ಬಿಡಿಸುವಾಗ ಉದುರಿದ ಚೂರನ್ನು ಮೇಲೆ ಉದುರಿಸಲು ತೆಗೆದಿಡಿ, ಮಕ್ಕಳಿದ್ದರೆ ಎತ್ತರದಲ್ಲಿಡಿ.

ಒಲೆ ಹಚ್ಚುವ ಮೊದಲು

ಈ ಭಾಗವನ್ನು ಎರಡು ಸಲ ಓದುವುದು.

ಎಲ್ಲ ಪುಸ್ತಕಗಳಲ್ಲೂ "ಕೈಬಿಡದೆ ತಿರುವಿ" ಎಂದು ಒಂದು ಸಾಲು ಇರುತ್ತದೆ. ಅದನ್ನು ಬರೆದವರು ಹಾಲಿನ ಬೆಲೆ ಯೋಚಿಸಿದ್ದಾರೆ, ಬೆಣ್ಣೆಯ ಬೆಲೆ ಯೋಚಿಸಿದ್ದಾರೆ, ಕೈಬಿಡದ ಹತ್ತು ನಿಮಿಷ ಮನೆಯಲ್ಲಿ ಎಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಿಲ್ಲ. ಹಾಲು ಡೈರಿಯಲ್ಲಿ ಸಿಗುತ್ತದೆ, ಖಾರಿ ಹುಮನಾಬಾದಿನಲ್ಲಿ ಸಿಗುತ್ತದೆ, ವೆನಿಲಾ ಬಸವಕಲ್ಯಾಣದಲ್ಲಿ. ಹತ್ತು ನಿಮಿಷ ಯಾವ ಅಂಗಡಿಯಲ್ಲೂ ಇಲ್ಲ.

ಹುಡುಕೋಣ. ಬೆಳಗಿನ ಜಾವ ನಳ ಬರುತ್ತದೆ, ಕೊಡ ತುಂಬಬೇಕು. ಎಂಟರಿಂದ ಹತ್ತರವರೆಗೆ ಒಲೆಯ ಮೇಲೆ ರೊಟ್ಟಿಯ ಹಂಚು. ಅದನ್ನು ಇಳಿಸಿ ಕಸ್ಟರ್ಡ್ ಇಟ್ಟವರು ಮುಡಬಿಯಲ್ಲಿ ಇನ್ನೂ ಹುಟ್ಟಿಲ್ಲ. ಹನ್ನೊಂದಕ್ಕೆ ಹೊಲಕ್ಕೆ ಬುತ್ತಿ. ಮಧ್ಯಾಹ್ನ ಒಂದಕ್ಕೆ ಊಟ, ಒಂದೂವರೆಗೆ ಊಟ ತಡವಾದವರ ಊಟ. ನಾಲ್ಕಕ್ಕೆ ಚಹಾ; ಆ ಹೊತ್ತಿಗೆ ಬರುವವರು ಚಹಾಕ್ಕೆಂದೇ ಬರುತ್ತಾರೆ, ಹಾಗೆಂದು ಹೇಳುವುದಿಲ್ಲ. ಸಂಜೆ ದೀಪ, ಮಕ್ಕಳ ಹೋಮ್‌ವರ್ಕು, ಧಾರಾವಾಹಿ. ರಾತ್ರಿ ಮಾಡಬಹುದು ಎನ್ನುವವರು ರಾತ್ರಿಯ ಪಾತ್ರೆ ತಿಕ್ಕಿದವರಲ್ಲ. ಹೀಗೆ ಜರಡಿ ಹಿಡಿದಾಗ ಉಳಿಯುವುದು ಮಧ್ಯಾಹ್ನ ಎರಡೂವರೆಯಿಂದ ಮೂರು. ಆ ಹೊತ್ತಿಗೆ ಕರೆಂಟು ಹೋಗಿರುವ ಸಂಭವ ಹೆಚ್ಚು, ಆದರೆ ಗ್ಯಾಸಿಗೆ ಕರೆಂಟಿನ ಹಂಗಿಲ್ಲ. ಫ್ಯಾನು ನಿಂತಿದ್ದರಿಂದ ಉರಿಯೂ ನೆಟ್ಟಗಿರುತ್ತದೆ.

ಎರಡೂವರೆಗೆ ಮೊದಲು ಈ ಕೆಳಗಿನ ವ್ಯವಸ್ಥೆ ಆಗಬೇಕು. ಸಿಲಿಂಡರನ್ನು ಎತ್ತಿ ನೋಡಿ. ಹಗುರವಿದ್ದರೆ ಕಾರ್ಯಕ್ರಮ ಮುಂದೂಡಿ. ಮನೆಯ ಯಜಮಾನರು ಕೆಲಸಕ್ಕೆಂದು ಬಸವಕಲ್ಯಾಣದ ಕಚೇರಿಗೆ ಹೋಗಿದ್ದರೆ ಪಹಣಿ, ಆಧಾರ್ ಮತ್ತು ಎರಡು ಫೋಟೋ ಕೈಯಲ್ಲೇ ಕೊಟ್ಟು ಕಳಿಸಿ. ಕೊಡದಿದ್ದರೆ ಹಾಲು ಗಟ್ಟಿಯಾಗುವ ಆ ನಿಮಿಷಕ್ಕೇ ಫೋನು ಬರುತ್ತದೆ: "ಪಹಣಿ ಎಲ್ಲಿ ಇಟ್ಟೀ? ಕಪಾಟಿನಾಗ ನೋಡು, ನಾ ಲೈನಿನ್ಯಾಗ ಇರ್ತೀನಿ." ತವರುಮನೆಯ ಫೋನು ಬಂದರೆ ಎತ್ತದೇ ಇರಲು ಸಾಧ್ಯವಿಲ್ಲವೆಂಬುದು ಕೈಪಿಡಿಗೆ ಗೊತ್ತು, ಹಾಗಾಗಿ ಎರಡು ಗಂಟೆಗೇ ನೀವಾಗಿ ಮಾಡಿ ಮುಗಿಸಿ. ಮುಂಬಾಗಿಲ ಚಿಲಕ ಹಾಕಬೇಡಿ. ಹಗಲಲ್ಲಿ ಚಿಲಕ ಹಾಕಿದ ಮನೆಗೆ ಬರುವವರ ಸಂಖ್ಯೆ ಹೆಚ್ಚಾಗುತ್ತದೆ, ಏನಾಯ್ತೋ ಎಂದು.

ಹಳದಿ ಬಳಸುವವರಿಗೆ ವಿಶೇಷ ಎಚ್ಚರಿಕೆ: ಹಳದಿಯ ಮೇಲೆ ಸಕ್ಕರೆ ಸುರಿದು, ಕಲಸದೆ, ಬಾಗಿಲು ನೋಡಲು ಹೋಗಕೂಡದು. ಸಕ್ಕರೆ ಹಳದಿಯ ನೀರನ್ನು ಎಳೆದುಕೊಂಡು ಅಲ್ಲಲ್ಲಿ ಗಟ್ಟಿ ಕಾಳು ಕಟ್ಟುತ್ತದೆ, ಆ ಕಾಳು ಮತ್ತೆ ಕರಗುವುದಿಲ್ಲ. ಸುರಿದ ಕೂಡಲೇ ಕಡಗೋಲಿನಿಂದ ಕಡೆದುಬಿಡಿ. ಆಮೇಲೆ ಯಾರೇ ಬರಲಿ.

ತಿರುವುವುದು

ಕಾಲು ಭಾಗ ಹಾಲನ್ನು ತಣ್ಣಗೇ ಉಳಿಸಿಕೊಂಡು ಪಿಷ್ಟವನ್ನು (ಹಳದಿ ಇದ್ದರೆ ಅದನ್ನೂ) ಅದರಲ್ಲಿ ಗಂಟಿಲ್ಲದಂತೆ ಕಲಸಿ. ಉಳಿದ ಹಾಲು, ಸಕ್ಕರೆ ದಪ್ಪ ತಳದ ಬೋಗುಣಿಯಲ್ಲಿ ಕಾಯಲಿ. ಪಿಷ್ಟದ ಪುಡಿಯನ್ನು ನೇರ ಬಿಸಿ ಹಾಲಿಗೆ ಹಾಕಿದರೆ ಪ್ರತಿ ಹಿಡಿಯ ಹೊರಮೈ ತಕ್ಷಣ ಬೆಂದು ಅಂಟಾಗಿ ಮುಚ್ಚಿಕೊಳ್ಳುತ್ತದೆ, ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ; ಗಂಟು ಅಂದರೆ ಇದೇ. ಹಾಲು ಕುದಿಗೆ ಬಂದಾಗ ಒಂದು ಸೌಟು ಬಿಸಿ ಹಾಲನ್ನು ಕಲಸಿದ್ದಕ್ಕೆ ಹಾಕಿ ತಿರುವಿ, ಇನ್ನೊಂದು ಸೌಟು ಹಾಕಿ ತಿರುವಿ, ಆಮೇಲೆ ಎಲ್ಲವನ್ನೂ ಬೋಗುಣಿಗೆ ಮರಳಿ ಸುರಿದು ಉರಿ ತಗ್ಗಿಸಿ.

ಈಗ ಹತ್ತು ನಿಮಿಷದ ಗಡಿಯಾರ ಶುರು. 60 ಡಿಗ್ರಿ ದಾಟಿದ ಮೇಲೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬತೊಡಗುತ್ತವೆ. ಮೊದಲು ತಳದಲ್ಲಿ, ಯಾಕೆಂದರೆ ಉರಿ ಅಲ್ಲಿದೆ. ತಳ ಕೆರೆಯುತ್ತ ತಿರುವದಿದ್ದರೆ ಅಲ್ಲಿ ಅಂಟು ಹಿಡಿದು ಸೀಯುತ್ತದೆ, ಮೇಲೆ ಇನ್ನೂ ಹಾಲು ಹಾಲಾಗಿಯೇ ಇರುತ್ತದೆ. ಪೂರ್ತಿ ಗಟ್ಟಿಯಾಗುವುದು 95ರ ಹತ್ತಿರ. ಮೊಟ್ಟೆಯ ಹಳದಿ ಒಂದೇ ಇದ್ದರೆ ಅಷ್ಟು ಕಾವಿಗೆ ಒಡೆದು ಪುಡಿಯಾಗುತ್ತಿತ್ತು. ಪಿಷ್ಟ ಜೊತೆಗಿರುವುದರಿಂದ ಒಡೆಯದೆ ತಡೆದುಕೊಳ್ಳುತ್ತದೆ.

ಇದೇ ವೇಳೆಗೆ ಹೊರಗಿನಿಂದ "ಯಾರ್ ಅದಾರ್ರಿ ಮನ್ಯಾಗ?" ಎಂದು ಕೇಳುತ್ತದೆ. ತಿರುವುತ್ತಲೇ "ಬರ್ರಿ ಒಳಗ" ಅನ್ನಿ. ಓಣಿಯ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು, ಬೋಗುಣಿ ನೋಡಿ, ಮುಖ ಸಣ್ಣದು ಮಾಡಿ ಕೇಳುತ್ತಾಳೆ: "ಗಂಜಿ ಮಾಡ್ಲತ್ತೀ? ಯಾರಿಗಿ ಆರಾಮಿಲ್ಲ?" ಎಲ್ಲರೂ ಆರಾಮಿದ್ದಾರೆ ಎಂದು ವಿವರಿಸಲು ಕೈ ನಿಲ್ಲಿಸಬೇಡಿ. ಆರಾಮಿಲ್ಲ ಎಂದು ಒಪ್ಪಿಕೊಂಡರೂ ಪರವಾಗಿಲ್ಲ. ಆ ಸುದ್ದಿ ಸಂಜೆಯೊಳಗೆ ಊರು ಸುತ್ತಿ ಬರುವಷ್ಟರಲ್ಲಿ ಕೇಕು ಸಿದ್ಧವಾಗಿರುತ್ತದೆ, ನೋಡಲು ಬಂದವರಿಗೆ ಕೊಡಲು ಏನಾದರೂ ಇರುತ್ತದೆ.

ಎರಡನೆಯ ಅಡ್ಡಿ ಮನೆಯೊಳಗಿನದು. ಅತ್ತಿಯವರು ಎಲ್ಲಿಂದಲೋ ಬಂದು ಹಿಂದೆ ನಿಲ್ಲುತ್ತಾರೆ. ಒಂದು ನಿಮಿಷ ಸುಮ್ಮನೆ ನೋಡುತ್ತಾರೆ. ಆಮೇಲೆ, "ಸರಿ ಆಕಡಿ. ಹಂಗ ತಿರುವಿದ್ರ ಗಂಟಾಗ್ತದ. ಝುಣಕಾ ತಿರುವಿದ ಕೈ ಅದ ಇದು."

ಈ ಕೈಪಿಡಿಯ ಗಂಭೀರ ಅಭಿಪ್ರಾಯವೇನೆಂದರೆ ಅವರು ಹೇಳುವುದು ಸರಿ. ಕುದಿಯುವ ಒಗ್ಗರಣೆ ನೀರಿಗೆ ಕಡಲೆಹಿಟ್ಟು ಬೀಳುತ್ತಿರುವಾಗ ಗಂಟಿಲ್ಲದಂತೆ ತಿರುವುವುದು, ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಎಸರಿಗೆ ಬಿಟ್ಟು ಅಂಬಲಿ ಕಾಸುವುದು, ಇವೆರಡೂ ಪ್ಯಾರಿಸ್ಸಿನಲ್ಲಿ ಶುಲ್ಕ ಕೊಟ್ಟು ಕಲಿಯುವ ವಿದ್ಯೆಯೇ. ಉಬ್ಬುವುದು ಅದೇ ಪಿಷ್ಟ, ಕಾವೂ ಅದೇ, ತಳ ಕೆರೆಯುವ ಮಣಿಕಟ್ಟಿನ ತಿರುವೂ ಅದೇ. ಮುಡಬಿಯ ಯಾವ ಅಜ್ಜಿಯ ಮುಂದೆಯಾದರೂ ಈ ಬೋಗುಣಿ ಇಡಿ, ಹೆಸರು ಹೇಳಬೇಡಿ, ಸರಿಯಾದ ಹದಕ್ಕೆ ಇಳಿಸುತ್ತಾರೆ. ಆಮೇಲೆ ಉಪ್ಪು ಎಲ್ಲಿ ಎಂದು ಕೇಳುತ್ತಾರೆ.

ತೊಡಕು ಇರುವುದು ಒಡೆತನದಲ್ಲಿ. ಸೌಟು ಅತ್ತಿಯವರ ಕೈಗೆ ಹೋದರೆ ಗಂಟು ಆಗುವುದಿಲ್ಲ, ಆದರೆ ಸಂಜೆ ಹೋಳು ಹಂಚುವಾಗ "ನಾ ತಿರುವಿದ್ದು" ಎಂದು ಅವರು ಹೇಳಿಕೊಳ್ಳುತ್ತಾರೆ, ಕಲಸಿದ್ದು, ಅಳೆದದ್ದು, ಹುಮನಾಬಾದಿನಿಂದ ಖಾರಿ ತರಿಸಿದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಕೊಡದಿದ್ದರೆ ಮೂರು ದಿನ ಮಾತಿಲ್ಲ. ಸೌಟು ಕೊಡಿ. ಅವರ ಕೈಗಿಂತ ಅವರ ಅಲ್ಲಿರುವಿಕೆ ದೊಡ್ಡ ಲಾಭ: ಅತ್ತಿಯವರು ಒಲೆಯ ಮುಂದೆ ನಿಂತಿರುವಾಗ ಹೊರಗಿನಿಂದ ಯಾರೂ ಕರೆಯುವುದಿಲ್ಲ, ಕರೆದರೂ ಅವರು ಅಲ್ಲಿಂದಲೇ ಗದರಿಸುತ್ತಾರೆ. ಹತ್ತು ನಿಮಿಷ ಸಿಗುವ ಅಂಗಡಿ ಅದೊಂದೇ.

ಗುಳ್ಳೆ ಮೂಡಿ ಪುಸಕ್ ಎಂದು ಒಡೆಯತೊಡಗಿದ ಮೇಲೆ ಕೂಡ ಇಳಿಸಬೇಡಿ. ಇನ್ನೂ ಒಂದೆರಡು ನಿಮಿಷ ಕುದಿಯಬೇಕು, ಹಸಿ ಹಿಟ್ಟಿನ ವಾಸನೆ ಹೋಗಲು. ಹಳದಿ ಹಾಕಿದ್ದರೆ ಇದಕ್ಕೆ ಇನ್ನೂ ದೊಡ್ಡ ಕಾರಣವಿದೆ: ಹಳದಿಯಲ್ಲಿ ಪಿಷ್ಟವನ್ನು ಕತ್ತರಿಸುವ ಅಮೈಲೇಸ್ ಎಂಬ ಕಿಣ್ವ ಇರುತ್ತದೆ. ಕುದಿಸಿ ಅದನ್ನು ಕೊಲ್ಲದಿದ್ದರೆ ರಾತ್ರಿಯೆಲ್ಲ ಅದು ತನ್ನ ಕೆಲಸ ಮಾಡಿ, ಬೆಳಿಗ್ಗೆ ನಿಮ್ಮ ಗಟ್ಟಿ ಕಸ್ಟರ್ಡು ಸಾರಾಗಿರುತ್ತದೆ. ಆಗ ದೃಷ್ಟಿ ತಾಗಿತು ಎಂದು ಓಣಿಯ ಅಕ್ಕನ ಮೇಲೆ ಹಾಕುವುದು ನ್ಯಾಯವಲ್ಲ. ಒಲೆಯಿಂದ ಇಳಿಸಿ ಬೆಣ್ಣೆ, ವೆನಿಲಾ ಸೇರಿಸಿ.

ರುಚಿ ನೋಡುವುದು

ಅದೇ ಕಿಣ್ವ ನಿಮ್ಮ ಬಾಯಲ್ಲೂ ಇದೆ. ನೆಕ್ಕಿದ ಚಮಚವನ್ನು ಮತ್ತೆ ಬೋಗುಣಿಗೆ ಅದ್ದಿದರೆ ಎಂಜಲಿನ ಅಮೈಲೇಸ್ ಪಿಷ್ಟವನ್ನು ಕತ್ತರಿಸಿ ಕಸ್ಟರ್ಡನ್ನು ನೀರು ಮಾಡುತ್ತದೆ. ಇದಕ್ಕೆ ತೊಟ್ಟು ಸಾಕು. ಎಂಜಲು ಮಾಡಬೇಡ ಎಂದು ಚಿಕ್ಕಂದಿನಿಂದ ಗದರಿಸುತ್ತಿದ್ದ ಅಜ್ಜಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲವೆಂದು ನಗುತ್ತಿದ್ದವರು ಒಮ್ಮೆ ಬಟ್ಟಲಲ್ಲಿ ಸ್ವಲ್ಪ ತೆಗೆದು, ನೆಕ್ಕಿದ ಚಮಚ ಇಟ್ಟು, ಗಂಟೆ ಬಿಟ್ಟು ನೋಡಬಹುದು. ಅಂಗೈ ಮೇಲೆ ಹಾಕಿಕೊಂಡು ರುಚಿ ನೋಡುವುದೇ ಸರಿಯಾದ ವಿಧಾನ. ಮಕ್ಕಳಿಗೆ ಬೋಗುಣಿ ಕೊಡುವುದು ಖಾಲಿಯಾದ ಮೇಲೆ.

ಆರಿಸುವುದು

ಕಸ್ಟರ್ಡನ್ನು ಅಗಲ ತಾಟಿಗೆ ಸುರಿದು, ಗಾಳಿ ತಾಗದಂತೆ ಅದರ ಮೈಗೇ ಅಂಟುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹೊದಿಸದಿದ್ದರೆ ಮೇಲೆ ತೊಗಲು ಕಟ್ಟುತ್ತದೆ. ಹಾಲಿನ ಕೆನೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಒಣಗಿದ ಪಿಷ್ಟ ಮತ್ತು ಹಾಲಿನ ಪ್ರೋಟೀನು, ಹಲ್ಲಿಗೆ ಸಿಗುತ್ತದೆ.

ಫ್ರಿಜ್ಜು ಇದ್ದರೆ ಅದರೊಳಗೆ, ಆದರೆ ಕರೆಂಟು ಬಂದ ಮೇಲೆ. ಕರೆಂಟಿಲ್ಲದ ಫ್ರಿಜ್ಜು ಒಂದು ಕಪಾಟು. ಅಲ್ಲಿಯವರೆಗೆ ದೊಡ್ಡ ಪರಾತದಲ್ಲಿ ಕೊಡದ ತಣ್ಣೀರು ಹಾಕಿ ಅದರಲ್ಲಿ ತಾಟು ಇಡಿ, ನೀರು ಬೆಚ್ಚಗಾದರೆ ಬದಲಿಸಿ. ಇದು ತಮಾಷೆಯ ಮಾತಲ್ಲ: 5ರಿಂದ 60 ಡಿಗ್ರಿಯ ನಡುವೆ ಹಾಲು, ಮೊಟ್ಟೆಯ ಪದಾರ್ಥದಲ್ಲಿ ಬ್ಯಾಕ್ಟೀರಿಯ ಬೇಗ ಬೆಳೆಯುತ್ತವೆ. ತಂಪು ದೇಶದ ಲೆಕ್ಕದಲ್ಲಿ ಎರಡು ಗಂಟೆ ಸಮಯ ಕೊಡುತ್ತಾರೆ; 32 ಡಿಗ್ರಿ ಮೀರಿದ ಬಿಸಿಲಲ್ಲಿ ಒಂದೇ ಗಂಟೆ. ಬೇಸಿಗೆಯಲ್ಲಿ ಮುಡಬಿಯ ಅಡುಗೆಮನೆಗೆ ಆ ಒಂದು ಗಂಟೆಯೇ ಲೆಕ್ಕ.

ಆರಿದ ಕಸ್ಟರ್ಡು ಬರ್ಫಿಯಂತೆ ಗಟ್ಟಿಯಾಗಿ ಅಲುಗುತ್ತಿರುತ್ತದೆ. ಹೆದರಿ ಹಾಲು ಹಾಕಬೇಡಿ. ಸೌಟಿನಿಂದ ಹತ್ತಿಪ್ಪತ್ತು ಸಲ ಬಡಿದರೆ ನುಣ್ಣಗಾಗುತ್ತದೆ. ಅಲ್ಲಿಗೇ ನಿಲ್ಲಿಸಿ, ಹುಮ್ಮಸ್ಸಿನಿಂದ ಬಡಿಯುತ್ತ ಹೋದರೆ ಪಿಷ್ಟದ ಜಾಲ ಹರಿದು ತೆಳುವಾಗುತ್ತದೆ, ಮತ್ತೆ ಕೂಡಿಕೊಳ್ಳುವುದಿಲ್ಲ.

ಜೋಡಣೆ

ಖಾರಿ, ಕಸ್ಟರ್ಡು, ಖಾರಿ, ಕಸ್ಟರ್ಡು, ಖಾರಿ. ಮೇಲೆ ತೆಗೆದಿಟ್ಟ ಚೂರು. ಮಕ್ಕಳು ತಿಂದು ಉಳಿದಿದ್ದರೆ.

ತಕ್ಷಣ ತಿಂದರೆ ಗರಿಗರಿ, ರಾತ್ರಿ ಕಳೆದು ತಿಂದರೆ ಮೆತ್ತಗೆ. ಗರಿಗರಿ ಇರಬೇಕು ಎನ್ನುವವರು ಒಂದು ಬಣ, ಮೆತ್ತಗಾಗಬೇಕು ಎನ್ನುವವರು ಇನ್ನೊಂದು. ಖಾರಿಯನ್ನು ಚಹಾದಲ್ಲಿ ಅದ್ದಿ ಬೆಳೆದ ಊರಿನಲ್ಲಿ ಎರಡನೆಯ ಬಣ ಯಾವಾಗಲೂ ಗೆಲ್ಲುತ್ತದೆ, ನಾನೂ ಅದರಲ್ಲಿದ್ದೇನೆ.

ತೊಂದರೆ ಮತ್ತು ಪರಿಹಾರ

ಗಂಟಾಗಿದೆ: ಬಿಸಿ ಇರುವಾಗಲೇ ಹಿಟ್ಟಿನ ಸಾಣಿಗೆಗೆ ಹಾಕಿ ಸೌಟಿನಿಂದ ತಿಕ್ಕಿ ಇಳಿಸಿ. ಸಾಣಿಗೆ ತಿಕ್ಕುವುದು ಯಾರು ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ.

ತಳ ಸೀದಿದೆ: ಕೆರೆಯಬೇಡಿ. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ. ವಾಸನೆ ಬಂದರೆ ಏಲಕ್ಕಿ ಹೆಚ್ಚು ಮಾಡಿ. ಆದರೂ ಬಂದರೆ ಎಲ್ಲರಿಗೂ ಶೀತವಾಗಿರುವ ದಿನ ಬಡಿಸಿ.

ಮಾರನೆಯ ದಿನ ನೀರು ಬಿಟ್ಟಿದೆ: ಪಿಷ್ಟ ತಣ್ಣಗಾಗಿ ಬಿಗಿಯುವಾಗ ನೀರನ್ನು ಹೊರಹಾಕುವುದು ಅದರ ಸ್ವಭಾವ. ನೀರು ಬಗ್ಗಿಸಿ ತಿನ್ನಿ.

ಹುಮನಾಬಾದಿಗೆ ಒಯ್ಯಬೇಕಾಗಿದೆ: ಒಯ್ಯಬೇಡಿ. ಒಯ್ಯಲೇಬೇಕಾದರೆ ಖಾರಿ ಬೇರೆ ಡಬ್ಬಿ, ಕಸ್ಟರ್ಡು ಬೇರೆ ಡಬ್ಬಿ, ಅಲ್ಲಿ ಹೋಗಿ ಜೋಡಣೆ. ಕಟ್ಟಿದ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಿದರೆ ರಸ್ತೆಯ ಪ್ರತಿ ಗುಂಡಿಗೆ ಒಂದು ಪದರ ಸರಿಯುತ್ತದೆ. ಹಿಂದಿನ ಸೀಟಿನಲ್ಲಿ ಕೂತವರ ಕೇಕು ಇಳಿಯುವಾಗ ಕೂಡ ಕೇಕೇ ಆಗಿತ್ತೆಂದು ಯಾರೂ ಹೇಳಿದ್ದನ್ನು ಕೇಳಿಲ್ಲ.

ಬಡಿಸುವುದು

ಹಲ್ಲಿರುವ ಚಾಕುವಿನಿಂದ ಗರಗಸದ ಹಾಗೆ ಕೊಯ್ಯಿರಿ. ಒತ್ತಿದರೆ ಕಸ್ಟರ್ಡು ನಾಲ್ಕೂ ಕಡೆ ಹೊರಗೆ ಬರುತ್ತದೆ. ಮೊದಲ ಹೋಳು ಅತ್ತಿಯವರಿಗೆ, ಎರಡನೆಯದು ಆರಾಮಿಲ್ಲದವರನ್ನು ನೋಡಲು ಬಂದ ಓಣಿಯ ಅಕ್ಕನಿಗೆ. ಇಬ್ಬರೂ ಛಲೋ ಆಗ್ಯಾದ ಅನ್ನುತ್ತಾರೆ. ಯಜಮಾನರು ಬಸವಕಲ್ಯಾಣದಿಂದ ಬಂದು ಎರಡು ಹೋಳು ತಿಂದು, ಇನ್ನೊಂದು ಫೋಟೋ ಬೇಕಿತ್ತಂತೆ, ನಾಳೆ ಮತ್ತೆ ಬರಹೇಳಿದ್ದಾರೆ ಎಂದು ಹೇಳಿ, ಕೈ ಒರೆಸಿಕೊಂಡು ಕೇಳುತ್ತಾರೆ: "ಛಲೋ ಅದ. ಖಾರ ಏನರ ಅದಾ?"

ಅದಕ್ಕೆ ಸಿದ್ಧವಾಗಿರಿ. ಈ ಸೀಮೆಯಲ್ಲಿ ಸಿಹಿಯಿಂದ ಊಟ ಮುಗಿಸುವ ಪದ್ಧತಿ ಬೇರೂರಿಲ್ಲ. ದಪ್ಪ ಮೆಣಸಿನಕಾಯಿ ಸೀಳಿ, ಜೀರಿಗೆ–ಉಪ್ಪು ತುಂಬಿ, ಕಡಲೆಹಿಟ್ಟು ಮೊದಲೇ ಕಲಸಿಟ್ಟಿರಬೇಕು. ಮಿರ್ಚಿಗೆ ಎಣ್ಣೆ ಕಾಯಿಸಲು ಕಸ್ಟರ್ಡ್ ಮಾಡಿದ ಬೋಗುಣಿಯನ್ನೇ ತೊಳೆದು ಇಡುವವರು ಅದರ ತಳ ಪೂರ್ತಿ ಒಣಗಿದೆಯೇ ನೋಡಿಕೊಳ್ಳಿ; ಒಂದು ಹನಿ ನೀರಿದ್ದರೂ ಎಣ್ಣೆ ಸಿಡಿಯುತ್ತದೆ.